ನೀರು ಹೊತ್ತು ನಡೆದ ದಿನ: ಶಿವಗಂಗೆಯಿಂದ ಕುಮುದ್ವತಿಯ ಜಾಡಿನಲ್ಲಿ

ಬೆಂಗಳೂರಿನ ಚಾರಣಿಗರು ಜಾಸ್ತಿ ಮುಖ ಮಾಡೋದು ಪಶ್ಚಿಮ ಘಟ್ಟದ ಕಡೆಗೆ. ಅಲ್ಲಿ ಮಂಜು, ಹಸಿರು, ಸ್ವಲ್ಪ ದೂರ ನಡೆದರೆ ಒಂದು ಹಳ್ಳ. ನಮ್ಮೂರಿನ ಸುತ್ತಲಿನ ಬೆಟ್ಟಗಳ ಸ್ವಭಾವ ಬೇರೆ. ಶಿವಗಂಗೆ, ಸಾವನದುರ್ಗ, ಮಾಕಳಿದುರ್ಗ, ರಾಮದೇವರ ಬೆಟ್ಟ, ಎಲ್ಲಾ ಕಡೆ ಬಂಡೆ ಮತ್ತು ಕುರುಚಲು ಕಾಡು. ಸಂಕ್ರಾಂತಿ ಕಳೆದ ಮೇಲೆ ಹರಿಯುವ ನೀರು ಕಾಣೋದು ಅಪರೂಪ. ಇಂಥ ಕಡೆ ಚೀಲ ಹೊತ್ತು ದಿನಗಟ್ಟಲೆ ನಡೆಯಬೇಕಾದರೆ ಇವತ್ತು ಎಷ್ಟು ಕಿಲೋಮೀಟರ್ ಅಂತ ಕೇಳಿಕೊಂಡರೆ ಸಾಲದು. ಮುಂದಿನ ನೀರು ಎಲ್ಲಿ ಅಂತ ಮೊದಲು ಕೇಳಿಕೊಳ್ಳಬೇಕು.

2024ರ ಮಾರ್ಚಿನಲ್ಲಿ ನಾವು ನಾಲ್ವರು ಶಿವಗಂಗೆಯಿಂದ ಸಾವನದುರ್ಗಕ್ಕೆ ನಡೆದು ಹೋಗೋಣ ಅಂತ ಹೊರಟೆವು. ದಾರಿಯನ್ನು ನಾವೇ ಹುಡುಕಿಕೊಂಡಿದ್ದೆವು. ಶಿವಗಂಗೆಯ ಬೆಟ್ಟಸಾಲಿನಲ್ಲಿ ಕುಮುದ್ವತಿ ಹುಟ್ಟುತ್ತದೆ. ನೆಲಮಂಗಲ, ಮಾಗಡಿ ತಾಲ್ಲೂಕುಗಳನ್ನು ದಾಟಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಅಲ್ಲಿರುವುದು ಚಾಮರಾಜಸಾಗರ ಜಲಾಶಯ. 1933ರಲ್ಲಿ ಕಟ್ಟಿ ಮುಗಿಸಿದ್ದು. ದಶಕಗಳ ಕಾಲ ಬೆಂಗಳೂರಿನ ನಲ್ಲಿಗಳಲ್ಲಿ ಬಂದದ್ದು ಅದರ ನೀರು. ಅಲ್ಲಿಂದ ಅರ್ಕಾವತಿಯ ಗುಂಟ ಮಂಚನಬೆಲೆ ತಲುಪಿದರೆ ಸಾವನದುರ್ಗ ಪಕ್ಕದಲ್ಲೇ. ಅಂದರೆ ಬೆಟ್ಟದಿಂದ ಬೆಟ್ಟಕ್ಕೆ, ಊರಿಗೆ ನೀರು ಕೊಟ್ಟ ಹೊಳೆಯ ಜಾಡಿನಲ್ಲಿ ನಡಿಗೆ.

ಆ ವರ್ಷ ಯಾಕೆ ಅಂದ್ರೆ, ಊರಲ್ಲಿ ನೀರಿಗೆ ಹಾಹಾಕಾರ ಇತ್ತು. 2023ರ ಮಳೆ ಕೈಕೊಟ್ಟಿತ್ತು. ಬಡಾವಣೆಗಳ ಬೋರ್‌ವೆಲ್‌ಗಳು ಬತ್ತಿದ್ದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ನಮ್ಮ ಬೀದಿಯಲ್ಲಿ ಬೆಳಗಿನ ಜಾವ ಟ್ಯಾಂಕರ್ ಸದ್ದಿಗೇ ಜನ ಏಳುತ್ತಿದ್ದರು. ನೀರು ಎಲ್ಲಿಂದ ಬರುತ್ತಿತ್ತು, ಈಗ ಯಾಕೆ ಬರುತ್ತಿಲ್ಲ ಅನ್ನೋದನ್ನ ಕಾಲಲ್ಲಿ ನಡೆದು ನೋಡಬೇಕು ಅನ್ನಿಸಿತು. ಇಲ್ಲಿ ಬರೆಯುತ್ತಿರುವುದು ಮೊದಲ ದಿನದ ಕಥೆ. ಕಲಿತದ್ದೆಲ್ಲ ಜಾಸ್ತಿ ಆ ದಿನವೇ.

ಹಿಂದಿನ ಸಂಜೆ ಮೆಜೆಸ್ಟಿಕ್‌ನಿಂದ ತುಮಕೂರು ಬಸ್ಸು ಹತ್ತಿ ದಾಬಸ್‌ಪೇಟೆಯಲ್ಲಿ ಇಳಿದೆವು. ಬೆಟ್ಟದ ಬುಡದ ಛತ್ರದಲ್ಲಿ ಉಳಿದೆವು. ರಾತ್ರಿ ಚೀಲಗಳನ್ನು ಬಿಚ್ಚಿ ಮತ್ತೆ ತುಂಬಿದೆವು. ನೀರಿಲ್ಲದೆ ನನ್ನ ಚೀಲ 7 ಕಿಲೋ. ಅದರಲ್ಲಿ ತೆಳು ಹೊದಿಕೆ, ಚಾಪೆ, ಒಂದು ಜೊತೆ ಬಟ್ಟೆ, ತಲೆಗೆ ಕಟ್ಟುವ ಟಾರ್ಚು, ಔಷಧಿ, ಊಟದ ಸಾಮಾನು. ಟೆಂಟ್ ಇರಲಿಲ್ಲ. ಅರಣ್ಯ ಇಲಾಖೆಯ ಜಾಗದಲ್ಲಿ ಅನುಮತಿ ಇಲ್ಲದೆ ರಾತ್ರಿ ತಂಗುವ ಹಾಗಿಲ್ಲ, ಈ ಕಡೆ ಕರಡಿ ಚಿರತೆಗಳೂ ಇವೆ. ರಾತ್ರಿ ಹಳ್ಳಿಗಳಲ್ಲೇ ಉಳಿಯೋದು ಅಂತ ತೀರ್ಮಾನ ಆಗಿತ್ತು. ಉಳಿದದ್ದು ನೀರು. ತಲಾ 4 ಲೀಟರ್. ಅಂದರೆ ಇನ್ನೂ 4 ಕಿಲೋ. ಎಲ್ಲವನ್ನೂ ಒಂದೇ ದೊಡ್ಡ ಕ್ಯಾನಿಗೆ ತುಂಬಬಾರದು, ಒಂದು ಸೋರಿದರೆ ದಿನದ ನೀರೆಲ್ಲಾ ಹೋಯಿತು. ಒಂದೊಂದು ಲೀಟರಿನ ಬಾಟಲಿಗಳಲ್ಲಿ ತುಂಬಿ, ಬೆನ್ನಿಗೆ ಅಂಟಿಕೊಂಡ ಹಾಗೆ ಚೀಲದ ನಡುಭಾಗದಲ್ಲಿ ಇಟ್ಟರೆ ಭಾರ ಹಿಂದಕ್ಕೆ ಎಳೆಯೋದಿಲ್ಲ.

ಊಟಕ್ಕೆ ರಾಗಿ ಹುರಿಹಿಟ್ಟು, ಬೆಲ್ಲ, ಕಡಲೆಕಾಯಿ ಬೀಜ, ಚಪಾತಿ, ಚಟ್ನಿಪುಡಿ, ನಿಂಬೆಹಣ್ಣು. ಒಣ ಬೆಟ್ಟದ ದಾರಿಗೆ ಹುರಿಹಿಟ್ಟಿನಷ್ಟು ಒಳ್ಳೆ ತಿನಿಸು ನಾನು ಕಂಡಿಲ್ಲ. ಒಲೆ ಬೇಡ. ಒಂದು ಲೋಟ ನೀರು, ಒಂದು ಚೂರು ಬೆಲ್ಲ ಸಾಕು. ಪಾತ್ರೆ ತೊಳೆಯೋಕೂ ನೀರು ದಂಡ ಆಗೋದಿಲ್ಲ. ನೂಡಲ್ಸ್ ಪೊಟ್ಟಣ ತುಂಬಿಕೊಂಡು ಬರುವವರು ಅದನ್ನು ಬೇಯಿಸೋಕೆ ನೀರು ಎಷ್ಟು ಬೇಕು ಅಂತ ಯೋಚಿಸಬೇಕು.

ಬೆಳಿಗ್ಗೆ ಐದೂವರೆಗೆ ಬೆಟ್ಟ ಹತ್ತಲು ಶುರು ಮಾಡಿದೆವು. ಹತ್ತೋದು ಇಳಿಯೋದು ಒಂದೇ ದಾರಿ ಆದ್ದರಿಂದ ದೊಡ್ಡ ಚೀಲಗಳನ್ನು ಛತ್ರದಲ್ಲೇ ಬಿಟ್ಟೆವು. ಒಂದೊಂದು ಬಾಟಲಿ ಮಾತ್ರ ಜೊತೆಗೆ, ಅದೂ ಚೀಲದ ಒಳಗೆ. ಶಿವಗಂಗೆಯ ಕೋತಿಗಳಿಗೆ ಕೈಯಲ್ಲಿರುವ ಬಾಟಲಿ ಕಂಡರೆ ಬಿಡೋದಿಲ್ಲ. ಅವುಗಳಿಗೂ ಬಾಯಾರಿಕೆ, ಅಲ್ವಾ. ಮೊದಲು ಅಗಲ ಮೆಟ್ಟಿಲು. ಮೇಲೆ ಹೋದ ಹಾಗೆ ಬಂಡೆಯಲ್ಲೇ ಕೊರೆದ ಕಿರಿದಾದ ಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಬೆಳಗಿನ ಹೊತ್ತು ಆ ಕಂಬಿ ಹಿಡಿದರೆ ಕೈಗೆ ತಣ್ಣಗೆ ಹತ್ತುತ್ತದೆ. ಹತ್ತು ಗಂಟೆ ಮೇಲೆ ಅದೇ ಕಂಬಿ ಮುಟ್ಟೋಕೆ ಆಗೋದಿಲ್ಲ.

ತುದಿಯಲ್ಲಿ ಬಂಡೆಯಲ್ಲೇ ಕಡೆದ ನಂದಿ ಇದೆ. ಸೂರ್ಯ ಬರುವ ಹೊತ್ತಿಗೆ ಅಲ್ಲಿದ್ದೆವು. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಪ್ರಾಣ ಬಿಟ್ಟದ್ದು ಇದೇ ಬೆಟ್ಟದಲ್ಲಿ ಅಂತ ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಇಲ್ಲಿನ ಒಂದು ಕಡಿದಾದ ಅಂಚಿಗೆ ಅವಳ ಹೆಸರೇ ಇದೆ. ದಕ್ಷಿಣಕ್ಕೆ ಬಂಡೆಗುಡ್ಡಗಳ ಸಾಲು ಮಬ್ಬಿನಲ್ಲಿ ಕಾಣುತ್ತಿತ್ತು. ರಾಮನಗರದಿಂದ ಮಾಗಡಿ ಮೇಲೆ ಉತ್ತರಕ್ಕೆ ಹೋಗುವ ಈ ಕಲ್ಲಿನ ಪಟ್ಟಿಯನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ಕ್ಲೋಸ್‌ಪೇಟೆ ಅನ್ನೋದು ರಾಮನಗರದ ಹಳೆ ಹೆಸರು. ವಯಸ್ಸು ಸುಮಾರು 250 ಕೋಟಿ ವರ್ಷ. ಬಂಡೆಯ ಮೇಲ್ಮೈ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಏಳುತ್ತದೆ. ಆ ಪದರಗಳ ಸಂದಿಯಲ್ಲಿ, ಬಿರುಕಿನಲ್ಲಿ, ದೊಣೆ ಅನ್ನುವ ಬಂಡೆ ಕುಳಿಗಳಲ್ಲಿ ನಿಂತದ್ದೇ ಇಲ್ಲಿನ ನೀರು. ಗಟ್ಟಿ ಕಲ್ಲಿನ ಒಳಗೆ ನೀರು ಇಳಿಯೋದಿಲ್ಲ. ಇದನ್ನು ಮನಸ್ಸಲ್ಲಿ ಇಟ್ಟುಕೊಂಡು ನೋಡಿದರೆ ಮುಂದೆ ದಾರಿಯಲ್ಲಿ ಕಂಡದ್ದೆಲ್ಲ ಅರ್ಥ ಆಗುತ್ತಾ ಹೋಯಿತು.

ಇಳಿಯುವಾಗ ಒಳಕಲ್ಲು ತೀರ್ಥದ ಬಾಗಿಲು ತೆರೆದಿತ್ತು. ಬಂಡೆಯ ಕೆಳಗೆ ಬಗ್ಗಿ ಹೋಗಬೇಕು. ನೆಲದಲ್ಲಿ ಒರಳಿನ ಅಗಲದ ಒಂದು ಕುಳಿ. ತೋಳು ಪೂರ್ತಿ ಇಳಿಬಿಟ್ಟು ತಡಕಿದರೆ ನೀರು ಸಿಗಬೇಕು. ಸಿಕ್ಕವರು ಪುಣ್ಯವಂತರು ಅಂತ ನಂಬಿಕೆ. ನಾನು ಬಂಡೆಗೆ ಕೆನ್ನೆ ಒತ್ತಿ ಮಲಗಿ ಕೈ ಇಳಿಸಿದೆ. ಭುಜ ಕಲ್ಲಿಗೆ ತಾಗುವವರೆಗೆ ಬರಿ ತಂಪು ಗಾಳಿ. ಕೊನೆಗೆ ಬೆರಳ ತುದಿಗೆ ನೀರು ಹತ್ತಿತು. ಅಂಥ ಬರಗಾಲದ ಮಾರ್ಚಿನಲ್ಲೂ ಬೆಟ್ಟದ ಅರ್ಧ ಎತ್ತರದಲ್ಲಿ ನೀರು. ಪುಣ್ಯದ ವಿಷಯ ದೇವರಿಗೆ ಬಿಟ್ಟದ್ದು. ನನಗೆ ಖುಷಿ ಆದದ್ದು ಕಲ್ಲು ಇನ್ನೂ ಸ್ವಲ್ಪ ನೀರು ಉಳಿಸಿಕೊಂಡಿದೆ ಅಂತ.

ಎಂಟೂವರೆಗೆಲ್ಲ ಚೀಲ ಹೊತ್ತು ತೆಂಕಣ ದಾರಿ ಹಿಡಿದೆವು. ಸಂಜೆಗೆ ಸೋಲೂರಿನ ಕಡೆಯ ಒಂದು ಹಳ್ಳಿ ಮುಟ್ಟಬೇಕಿತ್ತು. ಡಾಂಬರು ಬಿಟ್ಟು ಬಂಡಿ ಜಾಡು, ದನದ ಕಾಲುದಾರಿ, ಮಧ್ಯೆ ಮಧ್ಯೆ ಸಣ್ಣ ಗುಡ್ಡಗಳ ಹೆಗಲು. ಮೇಲೆ ತರಗೆಲೆ, ಕೆಳಗೆ ಜಲ್ಲಿಮಣ್ಣು. ಇಳಿಜಾರಿನ ಬಂಡೆ ಮೇಲೆ ಸಣ್ಣ ಮರಳು ಇದ್ದರೆ ಕಾಲು ಜಾರುತ್ತದೆ. ಹೆಜ್ಜೆ ಚಿಕ್ಕದು ಮಾಡಿ, ಪೂರ್ತಿ ಪಾದ ಊರಿ ಇಳಿಯಬೇಕು. ಎಲಚಿ ಮುಳ್ಳು, ಲಂಟಾನ ಎರಡೂ ಬಟ್ಟೆ ಹಿಡಿದು ಎಳೆಯುತ್ತಿದ್ದವು. ಅಲ್ಲೊಂದು ಇಲ್ಲೊಂದು ಮುತ್ತುಗದ ಮರ ಎಲೆ ಎಲ್ಲಾ ಉದುರಿಸಿ ಕೆಂಪು ಹೂ ಬಿಟ್ಟಿತ್ತು. ನೋಡೋಕೆ ಚೆಂದ, ನೆರಳು ಮಾತ್ರ ಇಲ್ಲ. ನೆರಳು ಬೇಕಾದರೆ ಹುಣಸೆ, ಹೊಂಗೆ, ಆಲ.

ಬಾಯಾರಿಕೆ ಆಗುವ ತನಕ ಕಾಯಬಾರದು, ಒಮ್ಮೆಗೇ ಗಟಗಟ ಕುಡಿಯಲೂ ಬಾರದು. ಇಪ್ಪತ್ತು ನಿಮಿಷಕ್ಕೆ ಒಮ್ಮೆ ನಾಲ್ಕು ಗುಟುಕು, ಇದು ನಮ್ಮ ನಿಯಮ. ಬಿಸಿಲಲ್ಲಿ ಹತ್ತುವಾಗ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರ್ ತನಕ ಬೆವರು ಹೋಗುತ್ತದೆ. ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಬರಿ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಇನ್ನೊಂದು ಅಪಾಯ. ಅದಕ್ಕೇ ಒಂದು ಬಾಟಲಿಯಲ್ಲಿ ಯಾವಾಗಲೂ ಓಆರ್‌ಎಸ್ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣ 20.5 ಗ್ರಾಂ, ಪೂರ್ತಿ ಒಂದು ಲೀಟರಿಗೆ ಹಾಕಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಅದಕ್ಕಿಂತ ಬೇರೆ ಬೇಕಿಲ್ಲ.

ಹನ್ನೊಂದರ ಸುಮಾರಿಗೆ ಮೊದಲ ನೀರಿನ ಜಾಗ ಮುಟ್ಟಿದೆವು. ನಮ್ಮ ಹಳ್ಳಿಗಳಲ್ಲಿ ಈಗ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಆಗ 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನು ತುಂಬುತ್ತಿತ್ತು. ದೂರ ನಡೆಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಅದನ್ನೇ ನಂಬಿ ನಾವು ನಕ್ಷೆಯಲ್ಲಿ ಗುರುತು ಹಾಕಿಕೊಂಡಿದ್ದೆವು. ಆದರೆ ಈ ಊರಿನ ಘಟಕದ ಬಾಗಿಲಿಗೆ ಬೀಗ. ಮೋಟರ್ ಕೆಟ್ಟು ವಾರ ಆಯಿತು ಅಂತ ಪಕ್ಕದ ಅಂಗಡಿಯವರು ಹೇಳಿದರು. ಬೋರ್‌ನಲ್ಲೇ ನೀರು ಬರುತ್ತಿಲ್ಲ ಅಂತ ಇನ್ನೊಬ್ಬರು. ಅಂಗಡಿಯಲ್ಲಿ ಬಾಟಲಿ ನೀರು ಮುಗಿದಿತ್ತು. ಊರಿನವರೇ ಟ್ಯಾಂಕರ್‌ಗೆ ಕಾಯುತ್ತಾ ಬಿಂದಿಗೆ ಸಾಲು ಇಟ್ಟಿದ್ದರು. ಆ ಸಾಲಿನಲ್ಲಿ ನಮ್ಮ ಬಾಟಲಿ ಇಡಲು ಮನಸ್ಸು ಬರಲಿಲ್ಲ. ತಲಾ ಒಂದೂವರೆ ಲೀಟರ್ ಉಳಿದಿತ್ತು. ಮುಂದಿನ ಊರು ಒಂದು ಗುಡ್ಡದ ಆಚೆ. ಹೊರಟೆವು.

ಗುಡ್ಡದ ಹೆಗಲು ದಾಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಂಡೆ ಮೇಲಿನಿಂದ ಕಾವು ಮುಖಕ್ಕೆ ಹೊಡೆಯುತ್ತಿತ್ತು. ನಮ್ಮ ಜೊತೆಗಿದ್ದ ಗೆಳತಿ ಬೆಳಗಿನಿಂದ ಎಲ್ಲರಿಗಿಂತ ಮುಂದೆ ಇದ್ದವಳು. ಈಗ ಮಾತು ನಿಲ್ಲಿಸಿದ್ದಳು. ತಲೆ ಸಿಡೀತಿದೆ, ಹೊಟ್ಟೆ ತೊಳೆಸ್ತಿದೆ ಅಂದಳು. ಮುಖ ಬಿಳಿಚಿಕೊಂಡಿತ್ತು. ಬೆವರು ಇನ್ನೂ ಸುರಿಯುತ್ತಿತ್ತು. ಮಾತಿಗೆ ಸರಿಯಾಗಿ ಉತ್ತರ ಕೊಡುತ್ತಿದ್ದಳು. ಇವೆರಡನ್ನೂ ಮೊದಲು ನೋಡಿದೆವು. ಮಾತು ತೊದಲಿದರೆ, ಗೊಂದಲ ಆದರೆ, ಮೈ ಸುಡುತ್ತಿದ್ದರೆ ಅದು ಬಿಸಿಲಾಘಾತ. ಆಗ ಕಾಯುವ ಹಾಗೇ ಇಲ್ಲ, ಮೈ ತಣ್ಣಗೆ ಮಾಡುತ್ತಲೇ 108ಕ್ಕೆ ಕರೆ ಮಾಡಬೇಕು. ಇದು ಅಷ್ಟು ದೂರ ಹೋಗಿರಲಿಲ್ಲ.

ಹತ್ತಿರದ ಹೊಂಗೆ ಮರದ ಕೆಳಗೆ ಚಾಪೆ ಹಾಸಿ ಮಲಗಿಸಿದೆವು. ಬೂಟು ಬಿಚ್ಚಿ, ಕಾಲಿನ ಕೆಳಗೆ ಚೀಲ ಇಟ್ಟು ಎತ್ತರಿಸಿದೆವು. ಆಮೇಲೆ ಬಂತು ಕಷ್ಟದ ಲೆಕ್ಕ. ಬಟ್ಟೆ ಒದ್ದೆ ಮಾಡಬೇಕು. ಇರುವುದು ಕುಡಿಯುವ ನೀರು ಮಾತ್ರ. ನನ್ನ ಜೊತೆಗಾರ ಏನೂ ಹೇಳದೆ ತನ್ನ ಬಾಟಲಿ ತೆಗೆದು ಟವೆಲ್ ಮೇಲೆ ಸುರಿದ. ಟವೆಲ್ ಕುತ್ತಿಗೆಗೆ, ಕಂಕುಳಿಗೆ, ಮತ್ತೆ ಹಣೆಗೆ. ಇನ್ನೊಬ್ಬ ಟೋಪಿಯಿಂದ ಗಾಳಿ ಹಾಕಿದ. ಒದ್ದೆ ಮೈಗೆ ಗಾಳಿ ತಾಗಿದರೇನೇ ಕಾವು ಇಳಿಯೋದು. ಓಆರ್‌ಎಸ್ ಅನ್ನು ಮುಚ್ಚಳದಲ್ಲಿ ಅಳೆದು ಅಳೆದು ಕುಡಿಸಿದೆವು. ಜಾಸ್ತಿ ಕೊಟ್ಟರೆ ವಾಂತಿ ಆಗಿ ಇದ್ದದ್ದೂ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಕೆನ್ನೆಗೆ ಬಣ್ಣ ಬಂತು. ಹುರಿಹಿಟ್ಟು ಬೇಕು ಅಂತ ಅವಳೇ ಕೇಳಿದಾಗ ನಮಗೆ ಉಸಿರು ಬಂದ ಹಾಗಾಯಿತು.

ಒಣ ಬೆಟ್ಟಕ್ಕೆ ನೀರು ಹೊರುವಾಗ ಕುಡಿಯೋಕೆ ಬೇಕಾದಷ್ಟು ಅಂತ ಮಾತ್ರ ಲೆಕ್ಕ ಹಾಕಬಾರದು ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ. ಗುಂಪಿಗೆ ಒಂದು ಲೀಟರ್ ಹೆಚ್ಚಿಗೆ ಇರಲೇಬೇಕು. ಅದು ಯಾರದ್ದೂ ಅಲ್ಲದ ನೀರು. ಯಾರ ಮೈ ಕೆಟ್ಟರೆ ಅವರಿಗೆ.

ಅವಳ ಚೀಲದ ಸಾಮಾನನ್ನು ಮೂವರು ಹಂಚಿಕೊಂಡು, ನೆರಳಿಂದ ನೆರಳಿಗೆ ನಿಧಾನಕ್ಕೆ ಗುಡ್ಡ ಇಳಿದೆವು. ಊರಿನ ಅಂಚಿನ ಮೊದಲ ಮನೆ ಮುಂದೆ ದೊಡ್ಡ ಹುಣಸೆ ಮರ. ಕೆಳಗೆ ಗೋಣಿತಾಟು ಹಾಸಿ ಅಜ್ಜಿಯೂ ಸೊಸೆಯೂ ಹುಣಸೆಹಣ್ಣು ಬಿಡಿಸುತ್ತಿದ್ದರು. ಸ್ವಲ್ಪ ನೀರು ಸಿಗುತ್ತಾ ಅಮ್ಮ ಅಂತ ಕೇಳಿದೆವು. ಸೊಸೆ ಒಳಗೆ ಹೋಗಿ ಮಣ್ಣಿನ ಮಡಕೆಯಿಂದ ಒಂದು ದೊಡ್ಡ ಚೊಂಬು ತಂದರು. ಹಿಂದೆಯೇ ಅಜ್ಜಿ ಮಜ್ಜಿಗೆ ತರಿಸಿದರು. ಉಪ್ಪು, ಕರಿಬೇವು, ಜಜ್ಜಿದ ಹಸಿಮೆಣಸಿನಕಾಯಿ. ಬಾಟಲಿ ತುಂಬಿಸಿಕೊಳ್ಳಿ ಅಂತ ಅವರೇ ಹೇಳಿದರು. ನಲ್ಲಿ ನೀರು ಎಷ್ಟು ದಿನಕ್ಕೆ ಬರುತ್ತೆ ಅಂತ ಕೇಳಿದೆ. ಮೂರು ದಿನಕ್ಕೊಮ್ಮೆ, ಅದೂ ಕರೆಂಟ್ ಇದ್ದರೆ ಅಂದರು. ಎರಡು ಬಾಟಲಿ ಮಾತ್ರ ತುಂಬಿಸಿಕೊಂಡೆವು. ಬೇಸಿಗೆಯಲ್ಲಿ ಹಳ್ಳಿಗಳ ಮೇಲೆ ನಡೆದು ಹೋಗುವವರು ಇದನ್ನು ಗಮನದಲ್ಲಿ ಇಡಬೇಕು. ಕೇಳಿದರೆ ಇಲ್ಲ ಅನ್ನುವವರು ಇಲ್ಲಿ ಯಾರೂ ಇಲ್ಲ. ಹಾಗಂತ ನಾಲ್ಕು ಜನ ಒಂದೇ ಮನೆಯಲ್ಲಿ ಹದಿನಾರು ಲೀಟರ್ ತುಂಬಿಸಿಕೊಂಡರೆ ಅವರ ಸಂಜೆಯ ಅಡುಗೆಗೆ ಏನು ಉಳಿಯುತ್ತದೆ?

ಬಿಸಿಲು ಇಳಿಯುವ ತನಕ ಅಲ್ಲೇ ಕೂತೆವು. ಸುಮ್ನೆ ಕೂರೋದು ಯಾಕೆ ಅಂತ ನಾವೂ ಹುಣಸೆಹಣ್ಣು ಬಿಡಿಸಿದೆವು. ಒಣಗಿದ ಕಾಯಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆ ಚಟಕ್ ಅಂತ ಒಡೆಯುತ್ತದೆ. ತೊಟ್ಟು ಹಿಡಿದು ಎಳೆದರೆ ನಾರೆಲ್ಲ ಒಟ್ಟಿಗೆ ಬರಬೇಕು. ನನಗೆ ಅರ್ಧ ನಾರು ಹಣ್ಣಿನಲ್ಲೇ ಉಳಿಯುತ್ತಿತ್ತು, ಅಜ್ಜಿ ಕೈಯಲ್ಲಿ ಪೂರ್ತಿ ಬರುತ್ತಿತ್ತು. ಬೀಜ ತೆಗೆಯುವ ಕೆಲಸ ಬೇರೆ. ಹಣ್ಣನ್ನು ಕಲ್ಲಿನ ಮೇಲಿಟ್ಟು ಸಣ್ಣ ಕಬ್ಬಿಣದಿಂದ ಹದವಾಗಿ ಕುಟ್ಟಬೇಕು. ಬೋರ್ ಕೊರೆಸಿ ಸಾವಿರ ಅಡಿ ಹೋದರೂ ಧೂಳೇ ಬಂತು, ಹುಣಸೆ ಮರ ಮಾತ್ರ ಯಾವ ವರ್ಷವೂ ಕೈಬಿಟ್ಟಿಲ್ಲ ಅಂದರು ಅಜ್ಜಿ. ಗೆಳತಿ ಮರದ ಬೇರಿಗೆ ಒರಗಿ ಒಂದು ನಿದ್ದೆ ತೆಗೆದಳು.

ಆ ಬಿಡುವಿನಲ್ಲಿ ಎಲ್ಲರೂ ಪಾದ ನೋಡಿಕೊಂಡೆವು. ನನ್ನ ಎಡ ಹಿಮ್ಮಡಿಯಲ್ಲಿ ಉರಿ ಶುರು ಆಗಿತ್ತು. ಚರ್ಮ ಕೆಂಪಾಗಿ, ಇನ್ನೂ ಬೊಬ್ಬೆ ಎದ್ದಿರಲಿಲ್ಲ. ಅದೇ ಸರಿಯಾದ ಸಮಯ. ಬೆವರು ಒರೆಸಿ, ಚರ್ಮ ಪೂರ್ತಿ ಒಣಗಿದ ಮೇಲೆ ಬಟ್ಟೆಯ ಟೇಪನ್ನು ಸುಕ್ಕಿಲ್ಲದ ಹಾಗೆ ಅಂಟಿಸಿದೆ. ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಬೇಕು, ಚೂಪು ಮೂಲೆ ಕಾಲುಚೀಲಕ್ಕೆ ಸಿಕ್ಕಿ ಏಳುತ್ತದೆ. ಬೆಳಗಿನ ಕಾಲುಚೀಲವನ್ನು ಚೀಲದ ಹೊರಗೆ ಒಣಗಲು ಕಟ್ಟಿ, ಇನ್ನೊಂದು ಜೊತೆ ಹಾಕಿಕೊಂಡೆ.

ನಾಲ್ಕು ಗಂಟೆಗೆ ಹೊರಟು ಹೊಳೆಯ ಪಾತ್ರಕ್ಕೆ ಇಳಿದೆವು. ಅಲ್ಲಿ ಹೊಳೆ ಅನ್ನುವಂಥದ್ದು ಏನೂ ಇರಲಿಲ್ಲ. ಎರಡು ದಡದ ಗುರುತು, ಮಧ್ಯೆ ಲಂಟಾನ, ಬೊಂಬಿನ ಹಾಗೆ ಸಾಲಾಗಿ ನಿಂತ ನೀಲಗಿರಿ ತೋಪು. ನಡೆಯುವ ದಾರಿಯಾಗಿ ಅದು ಸುಲಭ, ಮನಸ್ಸಿಗೆ ಮಾತ್ರ ಭಾರ. ಮರಳು ಎತ್ತಿದ ಗುಂಡಿಗಳು ಹಾಗೇ ಬಾಯಿ ತೆರೆದುಕೊಂಡಿದ್ದವು. ಹೊಸದಾಗಿ ನೀಲಗಿರಿ ಹಾಕೋದನ್ನು ಸರ್ಕಾರ 2017ರಲ್ಲಿ ನಿಷೇಧ ಮಾಡಿತು. ಹಳೆಯವು ಕಡಿದಷ್ಟೂ ಬುಡದಿಂದ ಮತ್ತೆ ಚಿಗುರುತ್ತವೆ, ಮೇಲಿನ ಮಣ್ಣಿನ ತೇವವನ್ನು ಹೀರುತ್ತಲೇ ಇವೆ. ನೀರು ನಿಲ್ಲುವುದು ಕಲ್ಲಿನ ಮೇಲಿನ ಸಡಿಲ ಮಣ್ಣು ಮತ್ತು ಬಿರುಕುಗಳಲ್ಲಿ ಮಾತ್ರ ಅಂತ ಬೆಳಿಗ್ಗೆ ಯೋಚಿಸಿದ್ದೆನಲ್ಲ, ಆ ಸಡಿಲ ಪದರವನ್ನೇ ನಾವು ಮರಳು ಅಂತ ಲಾರಿಗೆ ತುಂಬಿದ್ದೇವೆ. ಉಳಿದ ತೇವಕ್ಕೆ ಸಾವಿರ ಅಡಿ ಕೊಳವೆ ಇಳಿಸಿದ್ದೇವೆ. ಹೊಳೆ ಬತ್ತದೆ ಇನ್ನೇನು ಮಾಡುತ್ತದೆ?

ಆದರೆ ಅದೇ ಪಾತ್ರದಲ್ಲಿ ಇನ್ನೊಂದನ್ನೂ ಕಂಡೆವು. ಮಳೆನೀರು ಹರಿಯುವ ಕೊರಕಲುಗಳಿಗೆ ಅಡ್ಡಲಾಗಿ ಮೊಣಕಾಲೆತ್ತರಕ್ಕೆ ಕಾಡುಕಲ್ಲು ಪೇರಿಸಿದ ತಡೆಗಳು. ಸಿಮೆಂಟಿಲ್ಲ, ಬರಿ ಕಲ್ಲು. ಮಳೆನೀರಿನ ಓಟ ನಿಧಾನ ಮಾಡಿ, ಮಣ್ಣನ್ನು ಹಿಂದೆ ಹಿಡಿದಿಡಲು. ಸ್ವಲ್ಪ ಮುಂದೆ ಸಿಮೆಂಟ್ ಬಳೆಗಳನ್ನು ಇಳಿಸಿದ ಇಂಗುಬಾವಿ. ಕುಮುದ್ವತಿಯ ಜಲಾನಯನದಲ್ಲಿ ಇಂಥ ಕೆಲಸ ಹಲವು ವರ್ಷಗಳಿಂದ ನಡೆದಿದೆ. ಒಂದು ಕಲ್ಲಿನ ತಡೆಯ ಹಿಂದೆ ಒಂದು ಗೇಣು ಹೂಳು ಕೂತಿತ್ತು. ಕಡ್ಡಿಯಿಂದ ಕೆದಕಿದೆ. ಮೇಲಿನ ನಾಲ್ಕು ಬೆರಳು ಪುಡಿ ಪುಡಿ ಮಣ್ಣು. ಅದರ ಕೆಳಗೆ ಬಣ್ಣ ಗಾಢ ಆಯಿತು. ಹಿಡಿದು ಅಮುಕಿದರೆ ಉಂಡೆ ಕಟ್ಟಿತು. ಮಾರ್ಚ್ ತಿಂಗಳು, ಮಳೆ ಇಲ್ಲದ ವರ್ಷ. ಬೇರೆ ಕಡೆ ಎಲ್ಲೂ ನೆಲ ಹಾಗಿರಲಿಲ್ಲ.

ಆರೂವರೆ ಹೊತ್ತಿಗೆ ಹಳ್ಳಿ ಮುಟ್ಟಿದೆವು. ದೇವಸ್ಥಾನದ ಜಗಲಿಯಲ್ಲಿ ಮಲಗಲು ಊರಿನ ಹಿರಿಯರನ್ನು ಕೇಳಿದೆವು, ಒಪ್ಪಿದರು. ಯಾವ ಊರು, ಯಾರ ಮಕ್ಕಳು, ಯಾಕೆ ನಡೀತಿದೀರಿ, ಬಸ್ಸಿದೆಯಲ್ಲ ಅಂತ ವಿಚಾರಿಸಿದರು. ತಿಪ್ಪಗೊಂಡನಹಳ್ಳಿ ತನಕ ಹೊಳೆ ನೋಡಿಕೊಂಡು ಹೋಗ್ತೀವಿ ಅಂದಾಗ ಒಬ್ಬರು ತಾವು ಹುಡುಗರಾಗಿದ್ದಾಗ ದನ ತೊಳೆಯುತ್ತಿದ್ದ ಮಡುವಿನ ಜಾಗ ಹೇಳಿದರು. ನಾಳೆ ದಾರಿಯಲ್ಲಿ ಸಿಗುತ್ತೆ, ನೋಡಿ ಅಂದರು. ಇಲ್ಲಿನ ನೀರಿನ ಘಟಕ ನಡೆಯುತ್ತಿತ್ತು. ನಾಣ್ಯ ಹಾಕಿ, ಇಬ್ಬರಿಗೆ ಒಂದು ಬಕೆಟ್ ಹಂಚಿಕೊಂಡು ಕೈಕಾಲು ಮುಖ ತೊಳೆದೆವು. ಅದು ಸಾಕಾಯಿತು.

ಊಟ ಆದ ಮೇಲೆ ಟಾರ್ಚ್ ಬೆಳಕಲ್ಲಿ ನಕ್ಷೆ ಹರಡಿಕೊಂಡೆವು. ನಾಳೆಗೆ ಗುಡ್ಡ ಕಡಿಮೆ, ನೆರಳೂ ಕಡಿಮೆ. ಮೊದಲ ಊರಿನಲ್ಲಿ ಹಾಲಿನ ಡೇರಿ ಬೆಳಿಗ್ಗೆ ಆರಕ್ಕೇ ತೆರೆಯುತ್ತದೆ, ಪಕ್ಕದಲ್ಲೇ ನಲ್ಲಿ ಇದೆ ಅಂತ ಊರಿನವರಿಂದ ತಿಳಿದುಕೊಂಡಿದ್ದೆವು. ಎರಡನೇ ಊರಿನ ಘಟಕ ಕೆಲಸ ಮಾಡುತ್ತಿದೆಯಾ ಅಂತ ಅಲ್ಲಿನ ನೆಂಟರಿಗೆ ಫೋನ್ ಮಾಡಿ ಕೇಳಿಕೊಟ್ಟರು. ಇದೆ ಅಂದರು. ಆದರೂ ತಲಾ 4 ಲೀಟರ್ ಹೊರೋದು, ಗುಂಪಿಗೆ ಅಂತ ಇನ್ನೊಂದು ಲೀಟರ್, ಅದನ್ನು ಸರದಿಯಲ್ಲಿ ಹೊರೋದು ಅಂತ ಗೆಳತಿಯೇ ತೀರ್ಮಾನ ಮಾಡಿದಳು. ಮೊದಲ ಸರದಿ ತನ್ನದು ಅಂತ ಹಟ ಹಿಡಿದಳು. ಮಧ್ಯಾಹ್ನದ ತನಕ ಬೇಡ ಅಂದೆವು. ಒಪ್ಪಲಿಲ್ಲ. ಕೊನೆಗೆ ಹತ್ತು ಗಂಟೆ ತನಕ ಅವಳು, ಆಮೇಲೆ ನಾನು ಅಂತ ಮಾತಾಯಿತು. ಬೆಳಿಗ್ಗೆ ಐದಕ್ಕೆ ಅಲಾರಂ ಇಟ್ಟು ಮಲಗಿದೆವು.